ಅರ್ಧ ಇಂಚು

ಆ ಸೆಪ್ಟೆಂಬರಿನಲ್ಲಿ ಕತ್‌ಬರ್ಟ್ ಹೆಸ್ಲಪ್ ಸೋತದ್ದು
ಅರ್ಧ ಇಂಚಿನಿಂದ.
ಗಣಿ ಮುಚ್ಚಿದರೂ ಮುಚ್ಚದ ಕ್ಲಬ್ಬಿನ ಹಿಂದಿನ ಹಾಲಿನಲ್ಲಿ
ಕಪ್ಪು ಬಟ್ಟೆ ಹಾಸಿದ ಮೇಜಿನ ಮೇಲೆ ಜೋಡಿ ಜೋಡಿ
ಮಲಗಿದ್ದವು ಲೀಕುಗಳು,
ಈರುಳ್ಳಿಯ ದಾಯಾದಿಗಳು, ತೊಡೆ ಗಾತ್ರದ ಬಿಳಿ ದಂಟು,
ಮಿಂದು, ಬೇರಿನ ಗಡ್ಡ ಬಾಚಿಸಿಕೊಂಡು.
ತೀರ್ಪುಗಾರ ನಡುವಿಗೆ ಟೇಪು ಸುತ್ತಿದ,
ಮತ್ತೊಮ್ಮೆ ಸುತ್ತಿದ,
ಅರ್ಧ ಇಂಚು, ಅಂದ.
ಕತ್‌ಬರ್ಟ್ ಬಿಯರು ಮುಗಿಸದೆ ಎದ್ದ.

ನನ್ನ ತುಂಡು ನೆಲ ಅವನದಕ್ಕೆ ತಾಗಿಕೊಂಡೇ ಇದೆ.
ನಡುವೆ, ಕೆಡವಿದ ಮನೆಗಳ ಬಾಗಿಲು ನಿಲ್ಲಿಸಿ ಕಟ್ಟಿದ ಬೇಲಿ;
ಹದಿನೇಳನೇ ನಂಬರಿನ ಬಾಗಿಲಲ್ಲಿ
ಕಾಗದ ಹಾಕುವ ಸೀಳು ಇನ್ನೂ ಇದೆ.
ಆ ಸೀಳಿನಲ್ಲೇ ನಾನು ಎಲ್ಲ ನೋಡಿದ್ದು.

ಮಾರ್ಚ್‌ನಲ್ಲಿ ಪೀಪಾಯಿ ಬಂತು. ಅದರೊಳಗೆ
ಗೋಣಿಯಲ್ಲಿ ಕಟ್ಟಿದ ಕುರಿಹಿಕ್ಕೆ, ಕಸಾಯಿಖಾನೆಯ ಒಣರಕ್ತ,
ಒಂದು ಬಾಟಲಿ ಕರಿ ಬಿಯರು.
ಆಮೇಲೆ ಮಾರ್ಪೆತ್ ಪೇಟೆಯಿಂದ ಬಿಳಿ ಹರಳಿನ ಚೀಲ.
ಗ್ಯಾಲನ್ನಿಗೆ ಒಂದು ಚಮಚ, ಅಂತ ಅದರ ಮೇಲೆ ಬರೆದಿತ್ತು.
ಕತ್‌ಬರ್ಟನಿಗೆ ಓದು ಬರುತ್ತೆ.
ಆದರೆ ಚಮಚ ಮನೆಯಲ್ಲಿತ್ತು,
ಕೈ ಇಲ್ಲೇ ಇತ್ತು.

ಮೇ ತಿಂಗಳೆಲ್ಲ ಹಬ್ಬ.
ಎಲೆ ಹಸಿರು ಮೀರಿ ನೀಲಿಗೆ ತಿರುಗಿತು.
ದಂಟು ತುಂಬಿಕೊಂಡಿತು — ಕೂಸಿನ ಕೆನ್ನೆಯ ಹಾಗಲ್ಲ,
ನೀರಿಳಿದ ಕಾಲು ತುಂಬಿಕೊಳ್ಳುವ ಹಾಗೆ.
ಮುಟ್ಟಿದರೆ ಮೆತ್ತಗೆ.
ಸಸ್ಯಹೇನುಗಳಿಗೆ ಅದು ನಮಗಿಂತ ಮೊದಲೇ ತಿಳಿಯಿತು.
"ನೋಡು ವಿನಿಫ್ರೆಡ್," ಅಂದ ಸೀಳಿಗೆ ಬಾಯಿಟ್ಟು,
"ಹೇಗೆ ಉಣ್ತಾವೆ ನೋಡು!"
ಉಣ್ಣುತ್ತಿರಲಿಲ್ಲ ಅವು. ಬಾಯಿ ಬಿಡಿಸಿ ತುರುಕಿದ್ದನ್ನು
ನುಂಗುತ್ತಿದ್ದವು.

ಜುಲೈ ಬಿಸಿಲಿಗೆ ಮಣ್ಣಿನ ಮೇಲೆ ಬೆಳ್ಳನೆ ಪೊರೆ,
ಯಾರೋ ಹಪ್ಪಳದ ಹಿಟ್ಟು ಚೆಲ್ಲಿದ ಹಾಗೆ.
ಎಲೆತುದಿ ಕಂದಿತು;
ಇಸ್ತ್ರಿಪೆಟ್ಟಿಗೆ ಮರೆತಿಟ್ಟ ಅಂಗಿಯ ಕಲೆಯಂಥ ಕಲೆ
ಅಂಚಿನಿಂದ ಒಳಕ್ಕೆ ನಡೆದು ಬಂತು, ದಿನಕ್ಕೊಂದು ಗೆಣ್ಣು.
ಹಸಿವಿರಬೇಕು ಅಂದುಕೊಂಡ.
ಇನ್ನೊಂದು ಬಕೆಟ್ಟು ಹೊಯ್ದ.

ಕೆಸರಲ್ಲಿ ನಿಂತು ಬಾಯಾರಿ ಸಾಯುವುದನ್ನು
ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.
ಬೇರು ಮಣ್ಣಿಂದ ಕುಡಿಯಬೇಕು;
ಉಪ್ಪೇರಿದ ಮಣ್ಣು ಬೇರನ್ನೇ ಕುಡಿಯುತ್ತಿತ್ತು.

ಕೊನೆಗೆ ಒಂದನ್ನು ಕಿತ್ತು, ಸೀಳಿನೆದುರು ಹಿಡಿದ.
ಬಿಳಿ ಗಡ್ಡ ಇರಬೇಕಾದಲ್ಲಿ
ಚಹಾ ಬಣ್ಣದ ನಾಲ್ಕು ಎಳೆ.
ಏಪ್ರಿಲಿನಲ್ಲೇ ಹೇಳಬಹುದಿತ್ತು ನಾನು.
ಸಾಕು ಕತ್‌ಬರ್ಟ್, ಬರೀ ನೀರು ಹಾಕು, ಕಾಯಿ, ಅನ್ನಬಹುದಿತ್ತು.
ನಾಲಿಗೆ ತುದಿಗೂ ಬಂದಿತ್ತು.
ಆದರೆ ಅವನನ್ನು ಸೋಲಿಸಿದ ಅರ್ಧ ಇಂಚು ಇದೆಯಲ್ಲ,
ಅದು ನನ್ನದು.

ಮೂರು ರಾತ್ರಿ ಪೈಪು ಬಿಟ್ಟು ತೊಳೆದ ಪಾತಿಯನ್ನು.
ತೊಳೆದದ್ದೆಲ್ಲ ಇಳಿಜಾರು ಹಿಡಿದು ತೊರೆಗಿಳಿಯಿತು.
ತೊರೆ ಹಸಿರು ಗಂಜಿಯಾಯಿತು.
ಜಾಮ್ ಬಾಟಲಿ ಹಿಡಿದು ಮೀನಿಗೆ ಬಂದ ಹುಡುಗರು
ಮೂಗು ಮುಚ್ಚಿಕೊಂಡು ವಾಪಸಾದರು.

ಸೆಪ್ಟೆಂಬರಿನಲ್ಲಿ ಮತ್ತೆ ನಾನೇ ಗೆದ್ದೆ.
ಬಹುಮಾನ, ಒಂದು ಕೆಟಲು.
ಅದು ಇನ್ನೂ ಪೆಟ್ಟಿಗೆಯಲ್ಲೇ ಇದೆ.

ಮರುವರ್ಷ ಆ ಪಾತಿಗೆ ಅವನು ಏನೂ ಹಾಕಲಿಲ್ಲ.
ಬಂದದ್ದು ತುರಿಚೆ ಗಿಡ, ತಾನಾಗಿ,
ಕರಿಹಸಿರು, ಕೋಲಿನಷ್ಟು ದಪ್ಪ,
ಬೇಲಿಯ ಬಾಗಿಲುಗಳನ್ನು ಮೀರಿ ಇಣುಕುವಷ್ಟು ಎತ್ತರ.
ಒಂದು ಸಂಜೆ ಕೈಚೀಲ ತೊಟ್ಟು,
ಅದೇ ಹಳೇ ಟೇಪು ಹಿಡಿದು ಅಳೆಯುತ್ತ ನಿಂತಿದ್ದ.
"ಆರಡಿ ಒಂಬತ್ತು!" ಅಂತ ಕೂಗಿದ ಸೀಳಿನೊಳಗಿಂದ,
"ಬರಕೋ ವಿನಿಫ್ರೆಡ್, ಸಾಕ್ಷಿ ಬೇಕು."

ಬೀಜದ ಲಕೋಟೆಯ ಹಿಂದೆ ಬರೆದುಕೊಂಡೆ,
ಆರಡಿ ಒಂಬತ್ತೂವರೆ.